ಉಡುಪಿನ ಆಕಾರಕ್ಕೂ ಜ್ಯಾಮಿತಿ, ಭೂಗೋಳಕ್ಕೂ ನಂಟು ಇದೆಯಾ?

ಖಂಡಿತ ಇದೆ. ಮೊದಲು ಮಗ್ಗ ನೋಡಿ. ಹಾಸಿನ ನೂಲು ಉದ್ದಕ್ಕೆ, ಹೊಕ್ಕಿನ ನೂಲು ಅಡ್ಡಕ್ಕೆ, ಹಾಗಾಗಿ ಮಗ್ಗದಿಂದ ಇಳಿಯುವ ಬಟ್ಟೆ ಸಾಮಾನ್ಯವಾಗಿ ಆಯತವೇ. ನಮ್ಮ ಸೀರೆ, ಪಂಚೆ ಆ ಆಯತವನ್ನು ಕತ್ತರಿಸದೆ ಉಡುವ ಬಗೆ. ಐದೂವರೆ ಮೀಟರಿನ ಚಪ್ಪಟೆ ಬಟ್ಟೆಗೆ ನೆರಿಗೆ ಹಿಡಿದು ಸಿಕ್ಕಿಸಿದರೆ, ಸೊಂಟದಲ್ಲಿ ಕಿರಿದಾಗಿ ಪಾದದ ಹತ್ತಿರ ಬೀಸಣಿಗೆಯ ಹಾಗೆ ಬಿಚ್ಚಿಕೊಳ್ಳುತ್ತದೆ. ಸೆಖೆಯ ನಾಡಿಗೆ ಗಾಳಿಯಾಡುವ ಉಡುಗೆ ಬೇಕಲ್ವಾ? ರೋಮನ್ನರ ಟೋಗಾ ಹೆಚ್ಚುಕಡಿಮೆ ಅರ್ಧವೃತ್ತದ ಉಣ್ಣೆ ಬಟ್ಟೆ. ಜಪಾನಿನ ಕಿಮೋನೊ ಸುಮಾರು 36 ಸೆಂಟಿಮೀಟರ್ ಅಗಲದ ನೇರ ಪಟ್ಟಿಗಳನ್ನು ಜೋಡಿಸಿ ಹೊಲಿದದ್ದು.

ನನಗೆ ತುಂಬಾ ಇಷ್ಟವಾದ ಉದಾಹರಣೆ ಪ್ಯಾಂಟಿನದು. ಚೀನಾದ ತುರ್ಫಾನ್ ಬಳಿಯ ಯಾಂಗ್‌ಹಾಯ್ ಸಮಾಧಿಗಳಲ್ಲಿ ಸುಮಾರು 3000 ವರ್ಷ ಹಳೆಯ ಉಣ್ಣೆ ಪ್ಯಾಂಟು ಸಿಕ್ಕಿದೆ. ಅಲ್ಲಿ ಚಳಿಗಾಲದಲ್ಲಿ ಕೊರೆಯುವ ಚಳಿ, ಸುತ್ತ ಕುದುರೆ ಸವಾರಿಯ ಹುಲ್ಲುಗಾವಲಿನ ನಾಡು. ದಿನವಿಡೀ ಕಾಲು ಅಗಲಿಸಿ ಕೂರುವವರಿಗೆ ಸುತ್ತಿಕೊಂಡ ಬಟ್ಟೆ ಸರಿಬರುವುದಿಲ್ಲ. ನೇಕಾರರು ಮಾಡಿದ್ದು ಏನು ಗೊತ್ತಾ? ಎರಡು ಕಾಲಿಗೆ ಎರಡು ಉದ್ದ ತುಂಡು, ನಡುವೆ ಮೆಟ್ಟಿಲು ಅಂಚಿನ ಒಂದು ತುಂಡು, ಮೂರನ್ನೂ ಬೇಕಾದ ಆಕಾರದಲ್ಲೇ ನೇಯ್ದು, ಕತ್ತರಿ ಹಾಕದೆ ಸೇರಿಸಿ ಹೊಲಿದರು. ಕಾಲಿನ ಹೆಚ್ಚಿನ ಭಾಗಕ್ಕೆ ಬಗ್ಗುವ ನೇಯ್ಗೆ, ಜಾಸ್ತಿ ಸವೆಯುವ ಮೊಣಕಾಲಿಗೆ ಮಾತ್ರ ಬೇರೆಯೇ, ದಪ್ಪ ನೇಯ್ಗೆ. ಅದೂ ಒಂದೇ ಮಗ್ಗದಲ್ಲಿ, ಒಂದೇ ತುಂಡಿನೊಳಗೆ!