ಬಯಲೆಲ್ಲ ಬಂಜರಲ್ಲ: ಕಾವಲು, ಗೋಮಾಳ, ಕುಮ್ಕಿ ಕುರಿತ ಪ್ರಶ್ನೆಗಳಿಗೆ ಉತ್ತರ

ಮಳೆಗಾಲ ಹತ್ತಿರ ಬಂತೆಂದರೆ ಈ ಅಂಕಣಕ್ಕೆ ಬರುವುದು ಎರಡೇ ಬಗೆಯ ಪತ್ರ. ಖಾಲಿ ಬಿದ್ದ ಜಾಗದಲ್ಲಿ ಗಿಡ ನೆಡುವುದು ಹೇಗೆ ಎಂಬುದು ಒಂದು. ಖಾಲಿ ಬಿದ್ದ ಜಾಗ ಕೊಳ್ಳುವುದು ಹೇಗೆ ಎಂಬುದು ಇನ್ನೊಂದು. ಅದು ಖಾಲಿ ಅಂತ ಹೇಳಿದವರಾರು ಎಂದು ಮಾತ್ರ ಯಾರೂ ಕೇಳುವುದಿಲ್ಲ. ಪಹಣಿ ಎಲ್ಲಿ ಸಿಗುತ್ತದೆ, ಎಕರೆಗೆ ಎಷ್ಟು ಗುಂಟೆ ಎಂಬುದನ್ನೆಲ್ಲ ಇಲ್ಲಿ ಬರೆಯುವುದಿಲ್ಲ.

ಕಡೂರು ಕಡೆಯ ನಮ್ಮೂರ ಪಕ್ಕ ನೂರಾರು ಎಕರೆ ಕಾವಲು ಬಂಜರು ಬಿದ್ದಿದೆ. ಹುಲ್ಲು, ಅಲ್ಲೊಂದು ಇಲ್ಲೊಂದು ಜಾಲಿ ಮರ ಬಿಟ್ಟರೆ ಏನೂ ಇಲ್ಲ. ಯುವಕ ಸಂಘದಿಂದ ಕಾಡು ಬೆಳೆಸಬೇಕೆಂದಿದ್ದೇವೆ. ಯಾವ ಗಿಡ ನೆಡೋಣ?

ಯಾವುದನ್ನೂ ನೆಡಬೇಡಿ.

ಕಾವಲು ಅಂದರೆ ಕಾದಿಟ್ಟ ಹುಲ್ಲು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಗೆ (ಅರಮನೆಯ ದನಗಳನ್ನು ನೋಡಿಕೊಳ್ಳುತ್ತಿದ್ದ ಇಲಾಖೆ), ಅದನ್ನೇ ಮುಂದೆ ಟಿಪ್ಪು ಅಮೃತ್ ಮಹಲ್ ಎಂದು ಕರೆದ ಮೇಲೆ ದಂಡಿನ ಎತ್ತುಗಳಿಗೆ, ಮೇವು ಕೊಟ್ಟದ್ದು ಈ ನೆಲ. ಬೇಸಿಗೆಯ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಎಂದು ಬೇರೆ ಬೇರೆ ಇದ್ದವು. ಮಂದೆ ಒಂದರಲ್ಲಿ ಮೇಯುವಾಗ ಉಳಿದವು ಚೇತರಿಸಿಕೊಳ್ಳುತ್ತಿದ್ದವು. ಬೀಳು ಅಂದರೆ ಉಳುತ್ತಿದ್ದು ಬಿಟ್ಟ ಹೊಲ. ಬಂಜರು ಅಂದರೆ ಬೆಳೆ ತೆಗೆಯಲಾಗದ್ದು. ಏಪ್ರಿಲ್ ಬಿಸಿಲಲ್ಲಿ ಮೂರೂ ಒಂದೇ ಥರ ಕಾಣುತ್ತವೆ, ಆಗಲೇ ಎಲ್ಲರೂ ಫೋಟೊ ತೆಗೆದು ಕಳಿಸುತ್ತಾರೆ.

ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ, ಹುಲ್ಲು ತೆನೆ ಬಿಟ್ಟಾಗ ಹೋಗಿ ನೋಡಿ. ಒಂದು ಬುಡವನ್ನು ಮುಷ್ಟಿಯಲ್ಲಿ ಹಿಡಿದು ಎಳೆಯಿರಿ. ಬೇರು ಸಮೇತ ಸಲೀಸಾಗಿ ಕಿತ್ತು ಬಂದರೆ ಅದು ಒಂದು ವರ್ಷದ ಹುಲ್ಲು. ಎಲೆ ಮಾತ್ರ ಕೈಗೆ ಬಂದು ಬುಡ ನೆಲದಲ್ಲೇ ಉಳಿದರೆ ವರ್ಷ ವರ್ಷ ಚಿಗುರುವ ಹುಲ್ಲು, ಅದರ ಗಂಟು ಎಷ್ಟು ಹಳೆಯದೋ. ಹತ್ತು ಹೆಜ್ಜೆ ನಡೆದರೆ ಐದಾರು ಹೆಜ್ಜೆ ಅಂಥ ಬುಡದ ಮೇಲೇ ಬೀಳುತ್ತಿದೆಯೇ? ಹಾಗಿದ್ದರೆ ನಿಮ್ಮದು ಜೀವಂತ ಹುಲ್ಲುಗಾವಲು. ಬುಡದ ಹುಲ್ಲು ಕಡಿಮೆ, ಹಳೆಯ ಬದುವಿನ ಗುರುತಿದೆ, ಪಾರ್ಥೇನಿಯಂ ತುಂಬಿದೆ ಅಂದರೆ ಬೀಳು. ಮರ ಕಡಿದ ಮೋಟುಗಳಿದ್ದು ಒಂದೊಂದರಿಂದ ನಾಲ್ಕೈದು ಚಿಗುರು ಎದ್ದಿದ್ದರೆ ಮಾತ್ರ ಅಲ್ಲಿ ಕಾಡಿತ್ತು ಎನ್ನಿ. ಆಗಲೂ ಸಸಿ ತರಬೇಡಿ. ಕೊಡಲಿ, ಬೆಂಕಿ, ಮೇಕೆ ಮೂರನ್ನೂ ಕೆಲವು ವರ್ಷ ದೂರವಿಟ್ಟರೆ ಮೋಟುಗಳೇ ಮರವಾಗುತ್ತವೆ.

ಆಮೇಲೆ ಗುದ್ದಲಿಯಿಂದ ಮೊಳದಾಳ ಅಗೆದು ನೋಡಿ. ಇಂಥ ಕಡೆ ಗೇಣಿನಾಳಕ್ಕೇ ಗರಸು ಅಥವಾ ಸುಣ್ಣದ ಕಲ್ಲು ತಗಲುವುದು ಸಾಮಾನ್ಯ. ಮೇಲಿನ ಆ ಗೇಣು ಮಣ್ಣನ್ನು ಹಿಡಿದಿಟ್ಟಿರುವುದು ಹುಲ್ಲಿನ ಬೇರು. ಜೆಸಿಬಿ ತಂದು ಒಂದೂವರೆ ಅಡಿ ಗುಂಡಿ ತೋಡಿದಿರೋ, ಗರಸು ಮೇಲೆ ಬಂತು, ಹುಲ್ಲಿನ ಬುಡ ಅಡಿಗೆ ಹೋಯಿತು. ಆ ಬರಿ ಮಣ್ಣಿಗೆ ಮೊದಲು ಬರುವುದು ನಿಮ್ಮ ಹೊಂಗೆಯಲ್ಲ, ಬಳ್ಳಾರಿ ಜಾಲಿ. ಅದರ ಕಾಯಿ ತಿಂದ ಮೇಕೆ ಹಿಕ್ಕೆಯಲ್ಲಿ ಬೀಜ ಹಾಕಿ ಹೋಗುತ್ತದೆ. ಟ್ಯಾಂಕರ್ ನೀರು ನಿಂತ ಬೇಸಿಗೆಯಲ್ಲಿ ಸಸಿ ಒಣಗುತ್ತದೆ, ಗುಂಡಿ ಉಳಿಯುತ್ತದೆ.

ಸಸಿ ಬದುಕಿದರೆ ಇನ್ನೂ ನಷ್ಟ. ಈ ಹುಲ್ಲುಗಳಿಗೆ ಪೂರಾ ಬಿಸಿಲು ಬೇಕು, ನೆರಳು ಬಿದ್ದಲ್ಲಿ ಸಾಯುತ್ತವೆ. ಕೃಷ್ಣಮೃಗ ಬದುಕುವುದು ದೂರದಿಂದ ಶತ್ರುವನ್ನು ನೋಡಿ ಓಡುವುದರಿಂದ. ನೋಟಕ್ಕೆ ಅಡ್ಡ ಬಂದ ತೋಪನ್ನು ಅದು ಬಿಟ್ಟು ಹೋಗುತ್ತದೆ. ನೆಲದ ಮೇಲೇ ಮೊಟ್ಟೆಯಿಡುವ ಗೌಜುಗ, ನೆಲಗುಬ್ಬಿಗಳ ಗೂಡು ಗುಂಡಿ ತೋಡುವವರ ಕಣ್ಣಿಗೆ ಬೀಳುವುದೂ ಇಲ್ಲ. ಕೃಷ್ಣಮೃಗಕ್ಕೆಂದೇ 1974ರಲ್ಲಿ ಆದ ರಾಣೆಬೆನ್ನೂರಿನ ಧಾಮದಲ್ಲೂ ನೀಲಗಿರಿ ನೆಟ್ಟಿದ್ದಾರೆ, ಹೋಗಿ ನೋಡಿ ಬನ್ನಿ. ನಿಮ್ಮ ತಾಲ್ಲೂಕಿನಲ್ಲೇ ಬಾಸೂರು ಅಮೃತ್ ಮಹಲ್ ಕಾವಲು ಸಂರಕ್ಷಣಾ ಮೀಸಲು ಪ್ರದೇಶವಾಗಿದೆ. ಅದಕ್ಕೂ ಮೊದಲೇ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯದು ಆಗಿತ್ತು. ಎರಡೂ ಹುಲ್ಲುಗಾವಲು, ಎರಡರಲ್ಲೂ ಕೃಷ್ಣಮೃಗವಿದೆ.

ಸಂಘದ ಹುಡುಗರಿಗೆ ಕೆಲಸ ಬೇಕೇ ಬೇಕೆಂದರೆ ಬಳ್ಳಾರಿ ಜಾಲಿ ತೆಗೆಸಿ. ಬೆರಳು ದಪ್ಪ ಇರುವಾಗಲೇ, ನೆಲ ಹಸಿಯಿರುವಾಗ, ಬುಡದ ಗಡ್ಡೆ ಸಮೇತ ಅಗೆದು ತೆಗೆಯಬೇಕು. ನೆಲಮಟ್ಟಕ್ಕೆ ಕತ್ತರಿಸಿದರೆ ಒಂದಕ್ಕೆ ನಾಲ್ಕು ಬರುತ್ತದೆ. ಅಗೆದ ಕುಳಿಯನ್ನು ಅದೇ ಮಣ್ಣಿನಿಂದ ಮುಚ್ಚಿ. ಕುರಿಗಾಹಿಗಳ ಜೊತೆ ಮೊದಲೇ ಕೂತು ಮಾತಾಡಿ, ಮೂರನೇ ಒಂದು ಭಾಗವನ್ನು ಜೂನ್‌ನಿಂದ ಬೀಜ ಉದುರುವ ನವೆಂಬರ್‌ವರೆಗೆ ಮೇಯಿಸದೆ ಬಿಡಿ. ಮುಂದಿನ ವರ್ಷ ಇನ್ನೊಂದು ಭಾಗ. ಹುಲ್ಲು ಕೊಯ್ಯುವುದು ಬೀಜ ಉದುರಿದ ಮೇಲೆ. ಮುಳ್ಳುತಂತಿ ಬೇಡ. ಇದಕ್ಕೆಲ್ಲ ಮುಂಚೆ ಆ ಸರ್ವೆ ನಂಬರು ಪಶುಸಂಗೋಪನೆಯವರದೋ, ಅರಣ್ಯದ್ದೋ, ಕಂದಾಯದ್ದೋ ತಿಳಿದುಕೊಂಡು ಬರಹದಲ್ಲಿ ಅನುಮತಿ ಪಡೆಯಿರಿ. ಬಾಯಿಮಾತಿನ ಒಪ್ಪಿಗೆ ನಂಬಿ ಗುದ್ದಲಿ ಎತ್ತಬೇಡಿ.

ಗೋಮಾಳದಲ್ಲಿ ಈಗ ದನವೇ ಇಲ್ಲ. ಸೈಟು ಮಾಡಿ ಕೊಡುತ್ತೇವೆ ಎನ್ನುವವರನ್ನು ನಂಬಬಹುದೇ?

ಇಲ್ಲ. ಗೋಮಾಳ ಊರ ದನ ಮೇಯಲೆಂದು ಬಿಟ್ಟ ಸರ್ಕಾರಿ ನೆಲ. ಕಂದಾಯ ನಿಯಮದ ಲೆಕ್ಕ 100 ದನಕ್ಕೆ 30 ಎಕರೆ. ಅದಕ್ಕಿಂತ ಹೆಚ್ಚಿದೆಯೇ ಎಂದು ಲೆಕ್ಕ ಹಾಕುವುದು, ಹೆಚ್ಚಿದ್ದರೆ ಮಂಜೂರು ಮಾಡುವುದು ಸರ್ಕಾರ, ಬ್ರೋಕರ್ ಅಲ್ಲ. ಪಹಣಿಯ 9ನೇ ಕಾಲಂನಲ್ಲಿ ‘ಸರ್ಕಾರಿ ಗೋಮಾಳ’ ಎಂದಿದ್ದರೆ ಮುಂಗಡದ ಮಾತೇ ಎತ್ತಬೇಡಿ. ಬೆಳಗಾವಿ, ವಿಜಯಪುರದ ಕಡೆಯವರಿಗೆ: ‘ಗಾಯರಾಣ’ ಎಂದು ಬರೆದಿದ್ದರೂ ಇದೇ ಮಾತು.

ಪುತ್ತೂರಿನಲ್ಲಿ ಎರಡೆಕರೆ ಕುಮ್ಕಿ ಅಗ್ಗಕ್ಕೆ ಸಿಗುತ್ತಿದೆ. ಕೊಳ್ಳಲೇ?

ಕುಮ್ಕಿ ಸರ್ಕಾರದ ನೆಲ. ಕದೀಂ ವರ್ಗ (ಬಹು ಹಿಂದಿನಿಂದ ಸಾಗುವಳಿಯಲ್ಲಿರುವ ಪಟ್ಟಾ) ಜಮೀನಿನ 100 ಗಜದೊಳಗೆ ಸೊಪ್ಪು, ಸೌದೆ ತರಲು ಆ ಜಮೀನಿನವರಿಗಿರುವ ಸವಲತ್ತು ಅಷ್ಟೇ. ನಿಮಗೆ ಮಾರಲು ಹೊರಟಿರುವುದು ಬರೀ ಬೇಲಿ. ಗದ್ದೆಯವರಿಗೆ ಸೊಪ್ಪು, ಮೇವಿಗೆಂದು ಬಿಟ್ಟ ಕೊಡಗಿನ ಬಾಣೆ, ತೋಟಕ್ಕೆ ಸೊಪ್ಪು ತರುವ ಮಲೆನಾಡಿನ ಸೊಪ್ಪಿನಬೆಟ್ಟ ತೋರಿಸಿ ಮಾರಲು ಬಂದವರ ಮುಂದೆಯೂ ಇಷ್ಟೇ ಎಚ್ಚರ ಇರಲಿ.

ಉಡುಪಿ ಕಡೆ ‘ಬೆಟ್ಟು ಗದ್ದೆ’ ಎನ್ನುತ್ತಾರೆ. ಗದ್ದೆ ಬೆಟ್ಟದ ಮೇಲಿರುತ್ತದೆಯೇ?

ಇರುವುದಿಲ್ಲ. ಕರಾವಳಿಯಲ್ಲಿ ತಗ್ಗಿನ, ನೀರು ನಿಲ್ಲುವ ಗದ್ದೆ ಬೈಲು. ನೀರು ಒದಗಿದರೆ ಮೂರು ಬೆಳೆ. ನಡುವಿನದು ಮಜಲು, ಎರಡು ಬೆಳೆ. ಎತ್ತರದ್ದು ಬೆಟ್ಟು, ಮಳೆ ನಂಬಿದ ಒಂದೇ ಬೆಳೆ. ಚಿತ್ರದುರ್ಗದವರ ಬಯಲು ಒಣಗಿದ್ದು, ಉಡುಪಿಯವರ ಬೈಲು ಕೆಸರಿನದು. ಶಿರಸಿಯಲ್ಲಿ ‘ಬೆಟ್ಟ’ ಎಂದರೆ ಅಡಿಕೆ ತೋಟಕ್ಕೆ ಸೊಪ್ಪು ಕೊಡುವ ಕಾಡು, ‘ಬ್ಯಾಣ’ ಎಂದರೆ ಹುಲ್ಲಿನ ಜಾಗ. ಕುಂದಾಪುರದಲ್ಲಿ ‘ಹಾಡಿ’ ಮರಗಳ ಗುಂಪು, ಎಚ್.ಡಿ. ಕೋಟೆಯಲ್ಲಿ ಆದಿವಾಸಿಗಳ ಊರು. ಜಮೀನು ನೋಡಲು ಹೋಗುವ ಮುನ್ನ ಆ ಊರಿನವರನ್ನು ಕೇಳಿ, ನಿಘಂಟನ್ನಲ್ಲ.

ಸವಾನ್ನಾ ಎಂಬುದಕ್ಕೆ ‘ಕುರುಚಲು ಕಾಡು’ ಎನ್ನಬಹುದೇ?

ಬೇಡ. ಕುರುಚಲು ಕಾಡೆಂದರೆ ಪೊದೆ ಹೆಚ್ಚಿರುವ ಕಾಡು. ಸವಾನ್ನಾ ಹುಲ್ಲಿನ ನಡುವೆ ಅಲ್ಲಲ್ಲಿ ಮರವಿರುವ ಬಯಲು. ಸವಾನ್ನಾ ಎಂದೇ ಬರೆಯಿರಿ, ಯಾರೂ ಸಾಯುವುದಿಲ್ಲ.

ಬೀಜದುಂಡೆಗಳನ್ನು ಎಂಥ ಬಯಲಿನಲ್ಲಿ ಎಸೆದರೆ ಒಳ್ಳೆಯದು?

ಎಂಥದರಲ್ಲೂ ಎಸೆಯಬೇಡಿ. ದಟ್ಟ ಹುಲ್ಲಿನ ಮೇಲೆ ಬಿದ್ದ ಉಂಡೆಯಿಂದ ಮೊಳಕೆ ಬಂದರೂ ಬೇರು ಮಣ್ಣಿಗೆ ಮುಟ್ಟುವ ಮೊದಲೇ ಒಣಗುತ್ತದೆ. ಬೇವಿನ ಬೀಜ ಕೆಲವೇ ವಾರಗಳಲ್ಲಿ ಮೊಳೆಯುವ ಶಕ್ತಿ ಕಳೆದುಕೊಳ್ಳುತ್ತದೆ. ಹೋದ ವರ್ಷ ಕಟ್ಟಿಟ್ಟ ಉಂಡೆ ಬರೀ ಮಣ್ಣು.