ಅನ್ನನಾಳವನ್ನೇ ತೆಗೆಯಬೇಕೇ?

ಪ್ರಶ್ನೆ: ನಮ್ಮ ತಂದೆಯವರಿಗೆ 66 ವರ್ಷ. ಹೊಗೆಸೊಪ್ಪು ಹಾಕಿದ ಕವಳ ನಲವತ್ತು ವರ್ಷಗಳ ಅಭ್ಯಾಸ. ಎದೆಯುರಿಯೆಂದು ಮಾಡಿಸಿದ ಎಂಡೋಸ್ಕೋಪಿಯಲ್ಲಿ ಅನ್ನನಾಳದ ನಡುಭಾಗದಲ್ಲಿ ಎರಡು ಸೆಂಟಿಮೀಟರ್‌ನಷ್ಟು ಚಪ್ಪಟೆಯಾದ ಕೆಂಪು ಮಚ್ಚೆ ಕಂಡುಬಂದಿತು. ಬಯಾಪ್ಸಿಯಲ್ಲಿ ಸ್ಕ್ವೇಮಸ್ ಕ್ಯಾನ್ಸರ್ (ಒಳಮೈಯ ಚಪ್ಪಟೆ ಕೋಶಗಳಲ್ಲಿ ಹುಟ್ಟುವ ಬಗೆ) ಎಂದಾಯಿತು. ಸಿ.ಟಿ. ಸ್ಕ್ಯಾನಿನಲ್ಲಿ ಬೇರೆಲ್ಲೂ ಹರಡಿದಂತಿಲ್ಲ. ಅನ್ನನಾಳವನ್ನು ತೆಗೆದು ಜಠರವನ್ನು ಮೇಲಕ್ಕೆಳೆದು ಜೋಡಿಸಬೇಕೆಂದು ವೈದ್ಯರು ಹೇಳಿದಾಗಿನಿಂದ ತಂದೆಯವರು ಮಾತೇ ಬಿಟ್ಟಿದ್ದಾರೆ. ಶಸ್ತ್ರಚಿಕಿತ್ಸೆಯಿಲ್ಲದೆ ವಾಸಿಯಾಗುವ ದಾರಿ ಇದೆಯೇ?
— ಓದುಗರೊಬ್ಬರು, ಸಾಗರ

ಉತ್ತರ: ಇರಬಹುದು. ಆದರೆ ಅದನ್ನು ತೀರ್ಮಾನಿಸುವುದು ಮಚ್ಚೆಯ ಅಗಲಕ್ಕಿಂತ ಹೆಚ್ಚಾಗಿ ಅದರ ಆಳ. ಆ ಆಳವನ್ನು ಸಿ.ಟಿ. ಸ್ಕ್ಯಾನ್ ತೋರಿಸಲಾರದು. ಅನ್ನನಾಳದ ಒಳಮೈಯ ಲೋಳೆಪೊರೆ ಬಹಳ ತೆಳುವಾದದ್ದು. ಅದರ ಕೆಳಗಿನ ಪದರದಲ್ಲಿ ದುಗ್ಧನಾಳಗಳ (ಲಿಂಫ್ ಎಂಬ ದ್ರವ ಹರಿಯುವ ನಾಳಗಳ) ದಟ್ಟವಾದ ಬಲೆಯಿದ್ದು, ಅದು ಮೇಲೆ ಕುತ್ತಿಗೆಯವರೆಗೂ ಕೆಳಗೆ ಹೊಟ್ಟೆಯವರೆಗೂ ಹಬ್ಬಿರುತ್ತದೆ. ಕ್ಯಾನ್ಸರ್ ಲೋಳೆಪೊರೆಯ ಮೇಲುಭಾಗದಲ್ಲೇ ನಿಂತಿದ್ದರೆ ದುಗ್ಧಗ್ರಂಥಿಗಳಿಗೆ ಹರಡಿರುವ ಸಂಭವ ತೀರಾ ಕಡಿಮೆ. ಲೋಳೆಪೊರೆಯ ತಳವನ್ನು ಮುಟ್ಟಿದ್ದರೆ ಸುಮಾರು ಹತ್ತರಲ್ಲೊಬ್ಬರಿಗೆ ಹರಡಿರಬಹುದು. ಕೆಳಪದರಕ್ಕೆ ಆಳವಾಗಿ ಇಳಿದಿದ್ದರೆ ಹತ್ತರಲ್ಲಿ ಮೂರು ನಾಲ್ಕು ಮಂದಿಗೆ. ಆ ಕೆಳಪದರದಲ್ಲಿ ವೈದ್ಯರು ಗಡಿಯೆಂದು ಹಿಡಿಯುವ ಅಳತೆ 0.2 ಮಿಲಿಮೀಟರ್ ಮಾತ್ರ. ನಿಮ್ಮ ತಂದೆಯವರ ಇಡೀ ಪ್ರಶ್ನೆ ಇಷ್ಟು ಸಣ್ಣ ಅಂತರದಲ್ಲಿ ನಿಂತಿದೆ.

ಆದ್ದರಿಂದ ಮೊದಲು ಆಗಬೇಕಾದದ್ದು ಅನುಭವಿ ಎಂಡೋಸ್ಕೋಪಿ ತಜ್ಞರಿಂದ ಇನ್ನೊಂದು ಪರೀಕ್ಷೆ. ಅಯೋಡಿನ್ ದ್ರಾವಣವನ್ನು ಸಿಂಪಡಿಸಿದಾಗ ಆರೋಗ್ಯವಂತ ಒಳಮೈ ಕಂದುಬಣ್ಣಕ್ಕೆ ತಿರುಗಿ, ರೋಗವಿರುವ ಜಾಗ ಬಣ್ಣ ಹಿಡಿಯದೆ ಬೇರೆಯಾಗಿ ಕಾಣುತ್ತದೆ. ಮಚ್ಚೆಯ ನಿಜವಾದ ಅಂಚು ಆಗ ತಿಳಿಯುತ್ತದೆ. ರಕ್ತನಾಳಗಳ ವಿನ್ಯಾಸವನ್ನು ದೊಡ್ಡದಾಗಿ ತೋರಿಸುವ ವಿಶೇಷ ಬೆಳಕಿನ ಎಂಡೋಸ್ಕೋಪಿಯಿಂದ ಆಳದ ಅಂದಾಜು ಸಿಗುತ್ತದೆ.

ಮೇಲ್ಪದರದ್ದೇ ಎಂದು ಕಂಡರೆ, ಜಪಾನಿನಲ್ಲಿ ಬೆಳೆದು ಬಂದ ಇ.ಎಸ್.ಡಿ. ಎಂಬ ವಿಧಾನವನ್ನು ನಾನು ಮೊದಲು ಯೋಚಿಸುತ್ತೇನೆ. ಬಾಯಿಯ ಮೂಲಕ ಎಂಡೋಸ್ಕೋಪ್ ಇಳಿಸಿ, ಲೋಳೆಪೊರೆಯ ಕೆಳಗೆ ದ್ರವ ತುಂಬಿ ಅದನ್ನು ಉಬ್ಬಿಸಿ, ಮಚ್ಚೆಯನ್ನು ಒಂದೇ ತುಂಡಾಗಿ ಬಿಡಿಸಿ ತೆಗೆಯುತ್ತಾರೆ. ಇದೂ ಒಂದು ಬಗೆಯ ಕತ್ತರಿಯ ಕೆಲಸವೇ. ಆದರೆ ಎದೆಯ ಮೇಲಾಗಲಿ ಹೊಟ್ಟೆಯ ಮೇಲಾಗಲಿ ಗಾಯವಿಲ್ಲ, ಅನ್ನನಾಳವೂ ಉಳಿಯುತ್ತದೆ. ಇದಕ್ಕಿಂತ ಸರಳವಾದ, ತಂತಿಯ ಕುಣಿಕೆಯಿಂದ ಕತ್ತರಿಸುವ ಇ.ಎಂ.ಆರ್. ವಿಧಾನದಲ್ಲಿ ಇಷ್ಟು ದೊಡ್ಡ ಮಚ್ಚೆ ಹಲವು ಚೂರುಗಳಾಗಿ ಬರುವುದರಿಂದ ಅಂಚು ಶುದ್ಧವಾಗಿದೆಯೇ ಎಂದು ಹೇಳುವುದು ಕಷ್ಟ. ಶಾಖದಿಂದ ಸುಡುವ ರೇಡಿಯೋ ತರಂಗದ ಚಿಕಿತ್ಸೆಯ ಬಗ್ಗೆಯೂ ಯಾರಾದರೂ ನಿಮಗೆ ಹೇಳಬಹುದು. ಸುಟ್ಟದ್ದನ್ನು ಪರೀಕ್ಷಿಸಲಾಗದು, ತೆಗೆದ ತುಂಡನ್ನು ಪರೀಕ್ಷಿಸಬಹುದು. ಪೆಥಾಲಜಿ ವರದಿಯಲ್ಲಿ ಆಳ, ಅಂಚು, ದುಗ್ಧನಾಳ ಅಥವಾ ರಕ್ತನಾಳದೊಳಗೆ ಕ್ಯಾನ್ಸರ್ ಕೋಶ ಸೇರಿದೆಯೇ ಎಂಬ ಮೂರು ವಿಷಯಗಳನ್ನು ತಪ್ಪದೆ ನೋಡಿರಿ.

ಅಪಾಯಗಳಿಲ್ಲವೆಂದಲ್ಲ. ರಕ್ತಸ್ರಾವ, ಅಪರೂಪಕ್ಕೆ ತೂತು, ಮತ್ತು ಸುತ್ತಳತೆಯ ಮುಕ್ಕಾಲು ಭಾಗ ಮೀರಿ ತೆಗೆದಾಗ ಅನ್ನನಾಳ ಕಿರಿದಾಗಿ ಅನ್ನ ಸಿಕ್ಕಿಕೊಳ್ಳುವುದು. ಇದಕ್ಕೆ ಸ್ಟೀರಾಯ್ಡ್ ಕೊಡುತ್ತಾರೆ, ಬಲೂನಿನಿಂದ ಹಿಗ್ಗಿಸುತ್ತಾರೆ.

ವರದಿಯಲ್ಲಿ ಆಳ ಹೆಚ್ಚೆಂದು ಬಂದರೂ ಶಸ್ತ್ರಚಿಕಿತ್ಸೆಯೊಂದೇ ಗತಿಯೆಂದು ತಿಳಿಯಬೇಕಾಗಿಲ್ಲ. ಐದಾರು ವಾರಗಳ ವಿಕಿರಣ ಚಿಕಿತ್ಸೆಯನ್ನು ಕೀಮೋಥೆರಪಿಯ ಜೊತೆಗೆ ಕೊಡುವ ಕ್ರಮ ಇದೆ. ಕೆಳಪದರಕ್ಕೆ ಇಳಿದು ಗ್ರಂಥಿಗಳಿಗೆ ಹರಡದ ಸ್ಕ್ವೇಮಸ್ ಕ್ಯಾನ್ಸರಿನಲ್ಲಿ ಶಸ್ತ್ರಚಿಕಿತ್ಸೆಯನ್ನೂ ಈ ಕ್ರಮವನ್ನೂ ಹೋಲಿಸಿದ ಜಪಾನಿನ ಅಧ್ಯಯನವೊಂದರಲ್ಲಿ, ಐದು ವರ್ಷದ ನಂತರ ಬದುಕಿದ್ದವರು ಶಸ್ತ್ರಚಿಕಿತ್ಸೆಯಲ್ಲಿ ಶೇ. 86.5, ವಿಕಿರಣ-ಕೀಮೋ ಚಿಕಿತ್ಸೆಯಲ್ಲಿ ಶೇ. 85.5. ವಿಕಿರಣದ ನಂತರ ಅದೇ ಜಾಗದಲ್ಲಿ ರೋಗ ಮರಳಬಹುದಾದ್ದರಿಂದ ಎಂಡೋಸ್ಕೋಪಿಯನ್ನು ಬಿಡುವಂತಿಲ್ಲ. ಹಾಗೆಂದು ನಿಮ್ಮ ಶಸ್ತ್ರವೈದ್ಯರ ಮಾತನ್ನು ತಪ್ಪೆನ್ನಲಾರೆ. ಆಳ ಗೊತ್ತಾಗುವ ಮೊದಲೇ ಹೇಳಿದ್ದಾರೆಯೇ ಎಂಬುದಷ್ಟೇ ನನ್ನ ಸಂದೇಹ.

ಬೆಂಗಳೂರಿನ ಕಿದ್ವಾಯಿಯಂಥ ಸಂಸ್ಥೆಯಲ್ಲಿ ಎಂಡೋಸ್ಕೋಪಿ, ಶಸ್ತ್ರ ಮತ್ತು ವಿಕಿರಣ ತಜ್ಞರು ಒಟ್ಟಾಗಿ ಕೂತು ನೋಡುವಂತೆ ಕೇಳಿಕೊಳ್ಳಿ. ಹೋಗುವಾಗ ಬಯಾಪ್ಸಿಯ ಬ್ಲಾಕ್ (ತುಣುಕನ್ನು ಮೇಣದಲ್ಲಿ ಹುದುಗಿಸಿಟ್ಟದ್ದು) ಮತ್ತು ಸ್ಲೈಡ್‌ಗಳನ್ನೂ ಒಯ್ಯಿರಿ. ಬಾಯಿ ಮತ್ತು ಗಂಟಲನ್ನೂ ಪರೀಕ್ಷಿಸಿರೆಂದು ನೀವೇ ಕೇಳಿರಿ, ಏಕೆಂದರೆ ಹೊಗೆಸೊಪ್ಪಿನ ರಸ ತಾಗಿದ ಹಾದಿಯುದ್ದಕ್ಕೂ ಇನ್ನೊಂದು ಮಚ್ಚೆ ಇರಬಹುದು. ಕವಳದ ಸಂಚಿಯನ್ನು ಮಾತ್ರ ಆ ಪರೀಕ್ಷೆಗೆ ಕಾಯದೆ ಇಂದೇ ತೆಗೆದಿಡಿ.