ಆನೆ ಬಾಲದ ಕೂದಲು: ನಿಮ್ಮ ಲೇಖನದ ಬಗ್ಗೆ ನಾಲ್ಕು ಮಾತು

ನಮಸ್ಕಾರ.

ಬಾಲದ ಕೂದಲು ನೋಡಿ ಆನೆಯ ಊಟ ಪತ್ತೆಹಚ್ಚುವ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಕೈಬಿಡಲೂ ಮನಸ್ಸಿಲ್ಲ. ಹಾಸನದಲ್ಲಿ ಪತ್ರಿಕೆ ನಡೆಸುವವರಿಗೆ ಆನೆಯ ಮೇಲಿನ ಬರಹಕ್ಕೇನೂ ಬರವಿಲ್ಲ. ಆದರೆ ಕಾರ್ಬನ್ ಐಸೋಟೋಪ್ (ಒಂದೇ ಧಾತುವಿನ, ತೂಕ ಮಾತ್ರ ಬೇರೆಯಿರುವ ಪರಮಾಣುಗಳು) ಹಿಡಿದು ಬರೆದವರು ನೀವೊಬ್ಬರೇ.

ಮೊದಲ ಪುಟ ಪೂರ್ತಿ ತೆಗೆದುಬಿಡಿ. ‘ಅನಾದಿ ಕಾಲದಿಂದಲೂ ಮಾನವನಿಗೂ ಗಜರಾಜನಿಗೂ’ ಅಂತ ಶುರು ಮಾಡಿದರೆ ಆಲೂರಿನ ಓದುಗರು ಅಲ್ಲೇ ಪುಟ ಮಗುಚುತ್ತಾರೆ. ಗಜರಾಜ ನಿನ್ನೆ ರಾತ್ರಿ ತಾನೇ ಅವರ ತೋಟಕ್ಕೆ ಬಂದು ಹೋಗಿರುತ್ತಾನೆ.

ದೊಡ್ಡ ತಕರಾರು ಮುಂದಿದೆ. ‘ಒಂದು ಕೂದಲು ಸಿಕ್ಕರೆ ಸಾಕು, ಆನೆ ಕಾಡಲ್ಲಿ ಮೇದಿತ್ತೋ ಭತ್ತದ ಗದ್ದೆಗೆ ಇಳಿದಿತ್ತೋ ಹೇಳಬಹುದು’ ಎಂದಿದ್ದೀರಿ. ಬರೀ ಕಾರ್ಬನ್ ನೋಡಿ ಹೇಳಲಾಗದು. ಸಿ3, ಸಿ4 ಅಂದರೆ ಗಿಡಗಳು ಗಾಳಿಯ ಕಾರ್ಬನ್ ಹಿಡಿಯುವ ಎರಡು ಬಗೆ. ಮರಗಿಡಗಳ ಸೊಪ್ಪು ಸಿ3 ಗುಂಪು, ಅದರ ಕಾರ್ಬನ್-13 ಅಳತೆ (ಈ ಭಾರದ ಕಾರ್ಬನ್ನಿನ ಪಾಲು ಒಂದು ಮಾನದಂಡಕ್ಕಿಂತ ಸಾವಿರಕ್ಕೆ ಎಷ್ಟು ಕಡಿಮೆ ಎಂಬ ಲೆಕ್ಕ) ಮೈನಸ್ 27ರ ಆಸುಪಾಸು. ನಮ್ಮ ಕಡೆಯ ಹುಲ್ಲು ಹೆಚ್ಚಾಗಿ ಸಿ4, ಮೈನಸ್ 12 ಅಥವಾ 13 ಅಂತ ನೀವೇ ಬರೆದಿದ್ದೀರಿ. ಸರಿ. ಭತ್ತ ಯಾವ ಗುಂಪು? ಸಿ3. ಬಾಳೆ, ಹಲಸು, ಬೈನೆ, ಬಿದಿರು, ಕಾಫಿ ಎಲ್ಲವೂ ಸಿ3. ಸಕಲೇಶಪುರದ ಆನೆ ಕಾಡಿನ ಸೊಪ್ಪು ತಿಂದರೂ ಅಷ್ಟೇ, ಎಸ್ಟೇಟಿನ ಹಲಸು ತಿಂದರೂ ಅಷ್ಟೇ. ರಾಗಿ, ಮುಸುಕಿನ ಜೋಳ, ಕಬ್ಬು ಸಿ4 ಹೌದು, ಆದರೆ ಕಾಡು ಹುಲ್ಲಿನ ಜೊತೆ ಬೆರೆತುಹೋಗುತ್ತವೆ. ನೈಟ್ರೋಜನ್ ಐಸೋಟೋಪ್ ಕೂಡ ಅಳೆದರೆ ಸ್ವಲ್ಪ ಸುಳಿವು ಸಿಗಬಹುದು. ಅದೂ ಸಲೀಸಲ್ಲ, ಯೂರಿಯಾ ಹಾಕಿದ ಬೆಳೆಯ ಲೆಕ್ಕ ಒಂದು ಥರ, ಕೊಟ್ಟಿಗೆ ಗೊಬ್ಬರದ್ದು ಇನ್ನೊಂದು ಥರ.

ಇದರಿಂದ ಲೇಖನ ಕೆಟ್ಟಿತು ಅಂದುಕೊಳ್ಳಬೇಡಿ. ಬರೆಯಬೇಕಾದ್ದು ಇದನ್ನೇ ಅಲ್ವಾ? ಆನೆ ಯಾರ ಗದ್ದೆಗೆ ಬಂತು ಅಂತ ಕೂದಲು ಹೇಳದು. ಯಾವ ತಿಂಗಳು ಹುಲ್ಲು ಜಾಸ್ತಿ, ಯಾವ ತಿಂಗಳು ಸೊಪ್ಪು ಜಾಸ್ತಿ ಅನ್ನುವುದನ್ನು ಚೆನ್ನಾಗಿಯೇ ಹೇಳುತ್ತದೆ. ಕೀನ್ಯಾದ ಸಂಬುರು ಆನೆಗಳಲ್ಲಿ ಹೀಗೇ ನೋಡಿದ್ದಾರೆ. ಅಲ್ಲಿ ಬಾಲದ ಕೂದಲು ತಿಂಗಳಿಗೆ ಎರಡು ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚು ಬೆಳೆಯುತ್ತದೆ, ಅಂದರೆ ಅಷ್ಟುದ್ದದ ಒಂದೊಂದು ತುಂಡಿನಲ್ಲೂ ಹೆಚ್ಚುಕಡಿಮೆ ಒಂದು ತಿಂಗಳ ಊಟದ ಗುರುತು.

ನಿಮ್ಮ ನಾಲ್ಕನೇ ಪುಟ ನನಗೆ ತುಂಬ ಹಿಡಿಸಿತು. ಕೂದಲನ್ನು ಬುಡದಿಂದ ಅಳತೆ ಹಿಡಿದು ಕತ್ತರಿಸುವುದು, ಜಿಡ್ಡು ತೊಳೆಯುವುದು, ಒಂದು ಮಿಲಿಗ್ರಾಮಿಗೂ ಕಡಿಮೆ ತೂಗಿ ಪುಟ್ಟ ತವರದ ಬಟ್ಟಲಲ್ಲಿ ಮಡಚಿಡುವುದು, ಅದನ್ನು ಸುಟ್ಟು ಬಂದ ಅನಿಲವನ್ನು ಯಂತ್ರಕ್ಕೆ ಬಿಡುವುದು. ಅಲ್ಲಿ ಒಂದೇ ಒಂದು ವಿಶೇಷಣ ಇಲ್ಲ. ಲೇಖನ ಅಲ್ಲಿಂದಲೇ ಶುರುವಾಗಲಿ.

ಮೂಳೆಯ ಭಾಗದಲ್ಲಿ ‘ಎಷ್ಟು ತಿಂದಿತೋ ಅಷ್ಟೇ ಮೂಳೆಯಲ್ಲಿ’ ಎಂಬ ಸಾಲು ತಪ್ಪು. ವಿಜ್ಞಾನಿಗಳಾದ ಆರ್. ಸುಕುಮಾರ್ ಮತ್ತು ಆರ್. ರಮೇಶ್ 1992ರಲ್ಲಿ ದಕ್ಷಿಣ ಭಾರತದ ಆನೆಗಳ ಮೂಳೆಯ ಕೊಲಾಜೆನ್ (ಮೂಳೆಯಲ್ಲಿರುವ ಪ್ರೋಟೀನ್) ಬಗ್ಗೆ ಬರೆದದ್ದು ಬೇರೆಯೇ. ತಿಂದ ಪ್ರಮಾಣಕ್ಕೆ ಹೋಲಿಸಿದರೆ ಸೊಪ್ಪಿನ ಕಾರ್ಬನ್ನೇ ಹೆಚ್ಚು ಸೇರಿತ್ತು, ಬಹುಶಃ ಸೊಪ್ಪಿನಲ್ಲಿ ಪ್ರೋಟೀನ್ ಹೆಚ್ಚಿರುವುದರಿಂದ. ಬೆಳೆಯುವ ಆನೆಗಳ ಮೂಳೆಯಲ್ಲಿ ಅಳತೆ ಮೈನಸ್ 10.5ರಿಂದ ಮೈನಸ್ 22.7ರವರೆಗೆ ಹರಡಿತ್ತು, ದೊಡ್ಡ ಆನೆಗಳಲ್ಲಿ ಮೈನಸ್ 16ರಿಂದ ಮೈನಸ್ 20.3 ಅಷ್ಟೇ. ಅಂದರೆ ಎಳೆಯ ಮೂಳೆ ಬೇಗ ಬೇಗ ಬದಲಾಗುತ್ತದೆ. ಹಳೆಯ ಕಾಲದ ಪ್ರಾಣಿಯ ಮೂಳೆ ಓದುವವರು ಮೊದಲು, ಸಾಯುವಾಗ ಅದಕ್ಕೆ ಎಷ್ಟು ವಯಸ್ಸಾಗಿತ್ತು ಅಂತ ಕೇಳಬೇಕು. ಇದನ್ನು ಸೇರಿಸಿ. ಶಿವಾಲಿಕ್ ಬೆಟ್ಟದ ಪಳೆಯುಳಿಕೆ ಹಲ್ಲುಗಳ ಕಥೆ ಇನ್ನೊಂದು ಲೇಖನಕ್ಕಿರಲಿ.

ಎರಡು ಕಡೆ ಕಾರ್ಬನ್-14 ಅಂತ ಬಂದಿದೆ. ಅದು ಕ್ಷಯಿಸುವಂಥದ್ದು, ಕಾಲ ಅಳೆಯಲಿಕ್ಕೆ. ನಿಮ್ಮದು ಕಾರ್ಬನ್-13. ತಿದ್ದಿ.

ಕೊನೆಯ ಪ್ಯಾರಾದಲ್ಲಿ, ತೋಟದ ಬೇಲಿಗೆ ಸಿಕ್ಕ ಕೂದಲು ತೆಗೆದಿಟ್ಟು ಕಳಿಸಿ ಅಂತ ರೈತರಿಗೆ ಕರೆ ಕೊಟ್ಟಿದ್ದೀರಿ. ದಯವಿಟ್ಟು ಬೇಡ. 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿರುವ ಪ್ರಾಣಿ ಅದು. ನಮ್ಮ ಪತ್ರಿಕೆ ಓದಿ ಯಾರೋ ಪಾಪದವರು ಅರಣ್ಯ ಇಲಾಖೆಯ ಕೈಗೆ ಸಿಕ್ಕಿಹಾಕಿಕೊಳ್ಳುವುದು ಬೇಡ. ಸಂಶೋಧಕರು ಇಲಾಖೆಯ ಅನುಮತಿ ಪಡೆದೇ ಮಾದರಿ ತೆಗೆಯಬೇಕು ಅಂತ ಬರೆಯಿರಿ. ಎಂಟುನೂರು ಪದದೊಳಗೆ ಮುಗಿಸಿ, ತವರದ ಬಟ್ಟಲಿನ ಫೋಟೋ ಇದ್ದರೆ ಜೊತೆಗೆ ಕಳಿಸಿ.